ಎಚ್‌ಆರ್ ಕೋಣೆಗೆ ಒಬ್ಬರೇ ಹೋಗಬೇಡಿ: ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೊಂದು ಸಂಬಳ-ಸಂಘದ ಕೈಪಿಡಿ

ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ ಮೊದಲ ಸಲ ಸಂಬಳ ಹೆಚ್ಚಿಸಿ ಎಂದು ಕೇಳಲು ಹೋದೆ. ನೈಟ್ ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ, ಒಬ್ಬಳೇ. ಎಚ್‌ಆರ್‌ನವರು ಕೂರಿಸಿ ಟೀ ತರಿಸಿದರು. "ನಿಮಗೊಬ್ಬರಿಗೆ ಮಾಡಿದರೆ ಉಳಿದವರೂ ಕೇಳ್ತಾರೆ ಸಿಸ್ಟರ್, ಮುಂದಿನ ವರ್ಷ ನೋಡೋಣ" ಎಂದರು. ನನ್ನ ಬ್ಯಾಚಿನ ಇನ್ನಿಬ್ಬರು ಅದೇ ವಾರ ಅದೇ ಕುರ್ಚಿಯಲ್ಲಿ ಕೂತು ಅದೇ ಮಾತು ಕೇಳಿ ಬಂದಿದ್ದರಂತೆ. ಅದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಹಾಸ್ಟೆಲ್ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ. ಮೂವರಿಗೂ ಅಲ್ಲಿಯವರೆಗೆ ಒಬ್ಬರ ಸಂಬಳ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಈ ಬರಹ ಕರ್ನಾಟಕದ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂಗಳಲ್ಲಿ ದುಡಿಯುವ ಸಿಸ್ಟರ್ಸ್ ಮತ್ತು ಬ್ರದರ್ಸ್‌ಗಾಗಿ. ಜಿಎನ್‌ಎಂ ಆಗಲಿ, ಬಿಎಸ್ಸಿ ಆಗಲಿ, ಕ್ರಮ ಒಂದೇ. ಸರ್ಕಾರಿ ಶುಶ್ರೂಷಾಧಿಕಾರಿಗಳ ದಾರಿ ಬೇರೆ: ಅವರಿಗೆ ಸೇವಾ ನಿಯಮ, ವೇತನ ಆಯೋಗ, ನೌಕರರ ಸಂಘ ಇವೆ. ಏಜೆನ್ಸಿ ಮೂಲಕ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಗೆ ಇರುವವರಿಗೆ ಇಲ್ಲಿನ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಸಂಸ್ಥೆಯೇ ಕೊಡಬೇಕು ಎಂಬುದನ್ನು ಅವರು ನೆನಪಿಟ್ಟುಕೊಂಡರೆ ಸಾಕು.

ಒಂದು ವಿಷಯ ಮೊದಲೇ ಹೇಳಬೇಕು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, ಕನಿಷ್ಠ ವೇತನ ಕಾಯ್ದೆ ಇವೆಲ್ಲ ಅವುಗಳೊಳಗೆ ಸೇರಿಹೋಗಿವೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಈಗಲೂ ಹಳೆಯ ಹೆಸರುಗಳನ್ನೇ ಹೇಳಿದರೆ ಗಾಬರಿಯಾಗಬೇಡಿ. ಅರ್ಜಿ ಕೊಡುವ ದಿನ ಯಾವ ನಮೂನೆ ಚಾಲ್ತಿಯಲ್ಲಿದೆ ಎಂದು ಅಲ್ಲೇ ಕೇಳಿ ಬರೆಯಿರಿ.

ಮೊದಲ ಹೆಜ್ಜೆ: ಕಾಗದ ಕೂಡಿಡಿ

ಹೋರಾಟ ಶುರುವಾದ ಮೇಲೆ ಕಾಗದ ಹುಡುಕಲು ಹೋದರೆ ಸಿಗುವುದಿಲ್ಲ. ಎಂಪ್ಲಾಯೀ ಲಾಗಿನ್ ರಾತ್ರೋರಾತ್ರಿ ಬಂದ್ ಆಗುತ್ತದೆ. ಆದ್ದರಿಂದ ಏನೂ ಗಲಾಟೆ ಇಲ್ಲದ ಈ ತಿಂಗಳಲ್ಲೇ ಇಷ್ಟನ್ನು ನಿಮ್ಮ ಸ್ವಂತ ಇಮೇಲ್‌ಗೆ ಅಥವಾ ಊರಿನ ಮನೆಯ ಕಪಾಟಿಗೆ ಸೇರಿಸಿ: ನೇಮಕಾತಿ ಪತ್ರ, ಎಲ್ಲ ಸ್ಯಾಲರಿ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಐಡಿ ಕಾರ್ಡಿನ ಎರಡೂ ಬದಿಯ ಫೋಟೋ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ. ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲವೇ? ಪ್ರತಿಯೊಬ್ಬ ನೌಕರರಿಗೂ ಅದನ್ನು ಕೊಡುವುದು ಈಗ ಕಾನೂನಿನ ಕಡ್ಡಾಯ. ಸ್ಲಿಪ್ ಕೊಡುವುದೂ ಅಷ್ಟೇ.

ಇನ್ನೊಂದು ಪುಸ್ತಕ ನೀವೇ ಬರೆಯಬೇಕು. ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ದಿನಾಂಕ, ಯಾವ ವಾರ್ಡ್, ಪಂಚ್ ಮಾಡಿದ ಸಮಯ, ಹ್ಯಾಂಡೋವರ್ ಕೊಟ್ಟು ನಿಜವಾಗಿ ಹೊರಬಿದ್ದ ಸಮಯ, ಆ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಸಿಸ್ಟರ್ಸ್ ಇದ್ದರು, ಡಬಲ್ ಡ್ಯೂಟಿ ಮಾಡಿಸಿದರೇ, ವೀಕ್ಲಿ ಆಫ್ ಕ್ಯಾನ್ಸಲ್ ಆಯಿತೇ. ನೈಟ್ ಮುಗಿದ ಮೇಲೆ ಸಿಕ್ಕ ಆಫ್‌ಗಳನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಆಡಳಿತದವರು ಮೊದಲು ಕೆದಕುವುದು ಅದನ್ನೇ.

ರೋಗಿಯ ಕೇಸ್ ಶೀಟ್, ಹೆಸರು, ಯುಎಚ್‌ಐಡಿ (ಆಸ್ಪತ್ರೆ ಕೊಡುವ ಗುರುತಿನ ಸಂಖ್ಯೆ), ಇವುಗಳಲ್ಲಿ ಯಾವುದರ ಫೋಟೋವನ್ನೂ ತೆಗೆಯಬೇಡಿ. ಎಷ್ಟು ಒಳ್ಳೆಯ ಉದ್ದೇಶವಿದ್ದರೂ ಬೇಡ. ಅದು ರೋಗಿಯ ಗುಟ್ಟು, ನಮ್ಮ ಸಾಕ್ಷಿಯಲ್ಲ. ಜೊತೆಗೆ ಆ ಒಂದು ಫೋಟೋದಿಂದಲೇ ನಿಮ್ಮನ್ನು ಕೆಲಸದಿಂದ ತೆಗೆಯಲು ಕಾರಣ ಸಿಕ್ಕಿಬಿಡುತ್ತದೆ. ರೋಸ್ಟರ್‌ನಲ್ಲಿ ನಿಮ್ಮ ಹೆಸರಿರುವ ಸಾಲು ಸಾಕು.

ಬಾಂಡ್ ಮತ್ತು ಒರಿಜಿನಲ್ ಸರ್ಟಿಫಿಕೇಟಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಅಂಕಪಟ್ಟಿ, ಡಿಪ್ಲೊಮಾ ನಿಮ್ಮ ಸ್ವತ್ತು. ಒತ್ತೆಯಾಗಿ ಇಟ್ಟುಕೊಂಡಿದ್ದರೆ ಲಿಖಿತವಾಗಿ ವಾಪಸ್ ಕೇಳಿ. ಆದರೆ "ಬಾಂಡ್ ಎಂದರೆ ಅದಕ್ಕೆ ಬೆಲೆಯೇ ಇಲ್ಲ" ಎಂದು ಹಾಸ್ಟೆಲ್‌ನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. 2025ರಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2 ಲಕ್ಷ ರೂಪಾಯಿಯ ಸೇವಾ ಬಾಂಡನ್ನು ಎತ್ತಿಹಿಡಿದಿದೆ. ಸಹಿ ಹಾಕಿದ್ದರೆ ಅದರ ಪ್ರತಿಯನ್ನು ಸಂಘದ ವಕೀಲರಿಗೆ ತೋರಿಸಿ, ಆಮೇಲೆ ರಾಜೀನಾಮೆಯ ಮಾತು.

ಎರಡನೆಯ ಹೆಜ್ಜೆ: ಸ್ಲಿಪ್ ಓದಿ, ಲೆಕ್ಕ ಹಾಕಿ

ನಮ್ಮಲ್ಲಿ ಎಷ್ಟೋ ಜನ ಹನಿಹನಿ ಲೆಕ್ಕ ಹಾಕಿ ಡ್ರಿಪ್ ಹಚ್ಚುತ್ತೇವೆ, ಸಂಬಳದ ಸ್ಲಿಪ್ ಮಾತ್ರ ಕೊನೆಯ ಸಾಲು ನೋಡಿ ಮಡಚಿಡುತ್ತೇವೆ. ನಾಲ್ಕು ಜಾಗ ನೋಡಿ.

ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಎಷ್ಟಿದೆ? ಹೊಸ ಸಂಹಿತೆಗಳ ವ್ಯಾಖ್ಯಾನದಂತೆ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಒಟ್ಟು 20,000 ಕೊಟ್ಟು ಬೇಸಿಕ್ 7,000 ಎಂದು ತೋರಿಸಿದ್ದರೆ ಗ್ರಾಚ್ಯುಟಿಯಂಥ ಲೆಕ್ಕಗಳಿಗೆ ಅದನ್ನು 10,000 ಎಂದೇ ಹಿಡಿಯಬೇಕು.

ಪಿಎಫ್‌ನಲ್ಲಿ ಆಡಳಿತದ ಪಾಲನ್ನು ನಿಮ್ಮ ಸಂಬಳದಿಂದಲೇ ಮುರಿಯುತ್ತಿದ್ದಾರೆಯೇ? ಹಾಗೆ ಮುರಿಯುವಂತಿಲ್ಲ. ಸ್ಲಿಪ್‌ನಲ್ಲಿ ಮುರಿದದ್ದು ಪಾಸ್‌ಬುಕ್ಕಿಗೆ ಬಿದ್ದಿದೆಯೇ ಎಂಬುದನ್ನೂ ತಾಳೆ ನೋಡಿ. ಇಎಸ್‌ಐ ಅನ್ವಯಿಸುವ ಸಂಬಳದ ಮಿತಿ ತಿಂಗಳಿಗೆ 21,000. ನಿಮ್ಮಿಂದ ಶೇ 0.75, ಆಸ್ಪತ್ರೆಯಿಂದ ಶೇ 3.25.

ಕನಿಷ್ಠ ವೇತನ ಸಿಗುತ್ತಿದೆಯೇ? ಬದಲಾಗುವ ತುಟ್ಟಿಭತ್ಯೆ ಸೇರಿಸಿದ ಹೊಸ ದರವನ್ನು ಕರ್ನಾಟಕ ಕಾರ್ಮಿಕ ಇಲಾಖೆ ಪ್ರತಿ ವರ್ಷ ಏಪ್ರಿಲ್ 1ರಿಂದ ಅನ್ವಯಿಸುವಂತೆ ಹೊರಡಿಸುತ್ತದೆ. ಊರಿನ ವಲಯಕ್ಕೆ ತಕ್ಕಂತೆ ದರ ಬೇರೆ. ಇಲಾಖೆಯ ಜಾಲತಾಣದಿಂದ ಈ ವರ್ಷದ ಪಟ್ಟಿಯನ್ನೇ ಇಳಿಸಿಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದದ್ದನ್ನಲ್ಲ.

ನಾಲ್ಕನೆಯದು ಓಟಿ, ಅಂದರೆ ಓವರ್‌ಟೈಮ್. ನಿಗದಿತ ಅವಧಿ ಮೀರಿದ ಪ್ರತಿ ಗಂಟೆಗೆ ಎರಡರಷ್ಟು ಕೊಡಬೇಕು. ಬೇಸಿಕ್ ಮತ್ತು ಡಿಎ ಸೇರಿ 18,000 ಇರುವ ಸಿಸ್ಟರ್ ಒಬ್ಬರನ್ನು ತೆಗೆದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 692. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 86 ರೂಪಾಯಿ 50 ಪೈಸೆ. ಎರಡರಷ್ಟು ಎಂದರೆ 173. ತಿಂಗಳಲ್ಲಿ ಹತ್ತು ರಾತ್ರಿ, ಹನ್ನೆರಡು ಗಂಟೆಯ ಪಾಳಿ, ದಿನಕ್ಕೆ ನಾಲ್ಕು ಗಂಟೆ ಹೆಚ್ಚು. 40 ಗಂಟೆಗೆ 6,920 ರೂಪಾಯಿ. ಹೆಚ್ಚುವರಿ ಆಫ್ ಕೊಟ್ಟಿದ್ದರೆ ಆಡಳಿತ ಅದನ್ನು ತೋರಿಸಿ ವಾದಿಸುತ್ತದೆ, ಮೊತ್ತ ಇಳಿಯಬಹುದು. ಆದರೂ ಈ ಲೆಕ್ಕವನ್ನು ಮೊದಲ ಸಲ ಹಾಕಿದ ದಿನ ನಮ್ಮ ವಾರ್ಡಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಬ್ಬ ಸಿಸ್ಟರ್ ಮನೆಗೆ ಕಳಿಸುತ್ತಿದ್ದ ತಿಂಗಳ ಹಣ ಅದಕ್ಕಿಂತ ಕಡಿಮೆ ಇತ್ತು.

ಮೂರನೆಯ ಹೆಜ್ಜೆ: ಎಷ್ಟು ಕೇಳಬೇಕೆಂದು ತೀರ್ಮಾನಿಸಿ

"ಸ್ವಲ್ಪ ಜಾಸ್ತಿ ಮಾಡಿ" ಎಂಬುದು ಬೇಡಿಕೆಯಲ್ಲ, ಬೇಡಿಕೊಳ್ಳುವುದು. ಕೇಳುವ ಅಂಕಿಗೆ ಒಂದು ಆಧಾರ ಬೇಕು, ಅದು ನಮಗಿದೆ. ಭಾರತೀಯ ತರಬೇತಿ ಪಡೆದ ದಾದಿಯರ ಸಂಘ, ಅಂದರೆ ಟಿಎನ್‌ಎಐ, ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಖಾಸಗಿ ನರ್ಸ್‌ಗಳ ಸಂಬಳ, ಸೌಕರ್ಯ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಡಾ. ಜಗದೀಶ್ ಪ್ರಸಾದ್ ಅಧ್ಯಕ್ಷತೆಯ ಆ ಸಮಿತಿ ಹೇಳಿದ್ದು ಹೀಗೆ. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಸಂಬಳಕ್ಕಿಂತ ಆಗುವ ಕಡಿತ ಶೇ 10 ಮೀರಬಾರದು. 50ರಿಂದ 100 ಹಾಸಿಗೆಗೆ ಆ ಕಡಿತ ಶೇ 25 ಮೀರಬಾರದು. 50ಕ್ಕಿಂತ ಚಿಕ್ಕದರಲ್ಲೂ ತಿಂಗಳಿಗೆ 20,000ಕ್ಕಿಂತ ಕೆಳಗಿಳಿಯಬಾರದು.

ಇದು ಶಿಫಾರಸು. ರಾಜ್ಯ ಸರ್ಕಾರ ಕಾನೂನು ಇಲ್ಲವೇ ಅಧಿಸೂಚನೆ ಮಾಡದೆ ನೇರವಾಗಿ ಕಟ್ಟುಪಾಡಾಗುವುದಿಲ್ಲ. ಇದೇ ಕಾಗದವನ್ನು ಕೇರಳದ ನರ್ಸ್‌ಗಳು ಹೇಗೆ ಬಳಸಿದರು ನೋಡಿ. 2011ರಲ್ಲಿ ತ್ರಿಶೂರಿನಲ್ಲಿ ಶುರುವಾದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಮರುವರ್ಷವೇ ಆಸ್ಪತ್ರೆ ಆಸ್ಪತ್ರೆಗಳಲ್ಲಿ ಮುಷ್ಕರಕ್ಕಿಳಿಯಿತು. 2017ರ ಜುಲೈನಲ್ಲಿ ಮುಖ್ಯಮಂತ್ರಿಯ ಮುಂದೆ 20,000 ಎಂಬ ಅಂಕಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಸಿಕ್ಕರೂ ಆದೇಶ ಬರಲಿಲ್ಲ. ಚೇರ್ತಲೆಯ ಆಸ್ಪತ್ರೆಯೊಂದರ ಮುಂದೆ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಅಲ್ಲಿಂದ ತಿರುವನಂತಪುರಕ್ಕೆ ಪಾದಯಾತ್ರೆ ಹೊರಡುತ್ತೇವೆ ಎಂದು ದಿನಾಂಕ ಇಟ್ಟ ಮೇಲೆ, 2018ರ ಏಪ್ರಿಲ್‌ನಲ್ಲಿ, ಪಾದಯಾತ್ರೆಯ ಮುನ್ನಾದಿನ ಸರ್ಕಾರ ಅಧಿಸೂಚನೆ ಹೊರಡಿಸಿತು. ಒಪ್ಪಿಗೆಗೂ ಆದೇಶಕ್ಕೂ ನಡುವೆ ಒಂಬತ್ತು ತಿಂಗಳು. ಆ ಒಂಬತ್ತು ತಿಂಗಳಲ್ಲಿ ಜನ ಚದುರಿಹೋಗಿದ್ದರೆ ಆದೇಶ ಇರುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಹಾಗಾಗಿ ನಿಮ್ಮ ಆಸ್ಪತ್ರೆಯ ಹಾಸಿಗೆ ಎಣಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರುವ ಶುಶ್ರೂಷಾಧಿಕಾರಿಯ ಈಗಿನ ಸಂಬಳ ಕೇಳಿಕೊಳ್ಳಿ, ನಿಮ್ಮ ಸ್ಲಿಪ್ ಪಕ್ಕದಲ್ಲಿಡಿ. ಮೂರು ಅಂಕಿ ಬರೆದುಕೊಳ್ಳಿ: ಕೇಳುವುದು, ಒಪ್ಪಬಹುದಾದ್ದು, ಇದಕ್ಕಿಂತ ಕೆಳಗಿಳಿದರೆ ಎದ್ದು ಬರುವುದು. ಮೂರನೆಯ ಅಂಕಿ ಸಮಿತಿಯೊಳಗೇ ಇರಲಿ. ಸಂಬಳದ ಜೊತೆಗೆ ಸಿಬ್ಬಂದಿ ಸಂಖ್ಯೆಯನ್ನೂ ಸೇರಿಸಿ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂರು ರೋಗಿಗೆ, ಉಳಿದಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ. ಹದಿನೈದು ರೋಗಿಗೆ ಒಬ್ಬಳನ್ನು ನಿಲ್ಲಿಸಿ ಸಂಬಳ ಮಾತ್ರ ಏರಿಸಿದರೆ ಮೈ ಉಳಿಯುವುದಿಲ್ಲ, ರೋಗಿಗಳಿಗೂ ಅನ್ಯಾಯ. ರೋಗಿಯ ಮನೆಯವರು ನಮ್ಮ ಪಕ್ಕ ನಿಲ್ಲುವುದೂ ಈ ಬೇಡಿಕೆಗೇ.

ನಾಲ್ಕನೆಯ ಹೆಜ್ಜೆ: ಜನ ಕೂಡಿಸಿ, ಸಂಘ ಕಟ್ಟಿ

ಶುರುವಿಗೆ ಐದಾರು ಜನ ಸಾಕು, ಆದರೆ ಒಂದೇ ವಾರ್ಡಿನವರು ಬೇಡ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಓಪಿಡಿ, ಜನರಲ್ ವಾರ್ಡ್, ಒಂದೊಂದರಿಂದ ಒಬ್ಬೊಬ್ಬರು. ಆಸ್ಪತ್ರೆಯ ಕ್ಯಾಂಟೀನ್, ಆಸ್ಪತ್ರೆಯ ಹಾಸ್ಟೆಲ್ ಬಿಟ್ಟು ಹೊರಗೆ ಸೇರಿ. ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಮಲಯಾಳಂ ಮಾತಾಡುವವರು ತುಂಬಾ ಇದ್ದಾರೆ, ಈಶಾನ್ಯದಿಂದ ಬಂದವರೂ ಇದ್ದಾರೆ. ನೋಟಿಸು ಕನ್ನಡದಲ್ಲಿ ಮಾತ್ರ ಇದ್ದರೆ ಅರ್ಧ ಮಂದಿ ಹೊರಗುಳಿಯುತ್ತಾರೆ. ಆಡಳಿತಕ್ಕೆ "ಅವರು ಬೇರೆ, ನೀವು ಬೇರೆ" ಎನ್ನಲು ಅಷ್ಟು ಸಾಕು. ಅವರವರ ಭಾಷೆಯಲ್ಲಿ ವಿವರಿಸುವವರನ್ನು ಮೊದಲ ದಿನವೇ ಸಮಿತಿಗೆ ಸೇರಿಸಿ.

ಹಾಸ್ಟೆಲ್‌ನಲ್ಲಿರುವ ಹುಡುಗಿಯರ ಭಯ ನಿಜವಾದದ್ದು. ಕೆಲಸ ಹೋದರೆ ಅದೇ ಸಂಜೆ ರೂಮೂ ಹೋಗುತ್ತದೆ. ಊರಲ್ಲಿ ನರ್ಸಿಂಗ್ ಓದಿಗೆ ತೆಗೆದ ಸಾಲ ಕಾಯುತ್ತಿರುತ್ತದೆ. ಅಂಥವರಿಗೆ ಮೊದಲ ತಿಂಗಳೇ ಮುಂದೆ ಬಾ ಎನ್ನಬೇಡಿ. ಹೊರಗೆ ಮನೆ ಮಾಡಿಕೊಂಡಿರುವ ಹಿರಿಯರು ಪತ್ರಕ್ಕೆ ಮೊದಲ ಸಹಿ ಹಾಕಲಿ, ತುರ್ತಿಗೆ ಎರಡು ರಾತ್ರಿ ಉಳಿಯಲು ಯಾರ ಮನೆ ಸಿಗುತ್ತದೆ ಎಂದು ಮೊದಲೇ ಗೊತ್ತುಮಾಡಿ. ನಮ್ಮ ಸಂಘ ಉಳಿದದ್ದು ಭಾಷಣದಿಂದಲ್ಲ, ಇಬ್ಬರು ಹಿರಿಯ ಸಿಸ್ಟರ್ಸ್ ತಮ್ಮ ಮನೆಯ ಬಾಗಿಲು ತೆರೆದಿಟ್ಟದ್ದರಿಂದ.

ಈಗ ಕಾನೂನು. ಟ್ರೇಡ್ ಯೂನಿಯನ್ ನೋಂದಣಿಗೆ ಕನಿಷ್ಠ ಏಳು ಮಂದಿ ಅರ್ಜಿ ಹಾಕಬೇಕು. ಅದಷ್ಟೇ ನೋಡಿ ಹೊರಟರೆ ಅರ್ಜಿ ತಿರಸ್ಕಾರವಾಗುತ್ತದೆ. ಅಲ್ಲಿ ದುಡಿಯುವ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 400 ಜನರ ಆಸ್ಪತ್ರೆಯಾದರೆ 40. ಸಭೆ ಸೇರಿ ಹೆಸರು, ನಿಯಮಾವಳಿ, ಪದಾಧಿಕಾರಿಗಳನ್ನು ಒಪ್ಪಿ ನಡಾವಳಿ ಬರೆಯಿರಿ, ಕಾರ್ಮಿಕ ಇಲಾಖೆಯ ಟ್ರೇಡ್ ಯೂನಿಯನ್ ರಿಜಿಸ್ಟ್ರಾರ್‌ಗೆ ಸಲ್ಲಿಸಿ. ಹೊರಗಿನ ಪದಾಧಿಕಾರಿಗಳು ಒಟ್ಟಿನ ಮೂರನೇ ಒಂದು ಭಾಗ ಅಥವಾ ಐವರು, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. 40 ಮಂದಿ ಕೂಡದಿದ್ದರೆ ಈಗಾಗಲೇ ನೋಂದಣಿಯಾದ ಜಿಲ್ಲಾ ಸಂಘಕ್ಕೆ, ಅಥವಾ ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ, ಬಿಎಂಎಸ್‌ಗಳಲ್ಲಿ ನಿಮಗೆ ಸರಿಕಂಡ ಕೇಂದ್ರ ಸಂಘಟನೆಯ ಘಟಕಕ್ಕೆ ಸೇರಿ. ಪಕ್ಷದ ವಾಸನೆ ಬೇಡ ಎನ್ನುವವರು ಪ್ರತಿ ಆಸ್ಪತ್ರೆಯಲ್ಲೂ ಇರುತ್ತಾರೆ. ಅವರ ಮಾತನ್ನು ತಳ್ಳಿಹಾಕದೆ ಸಭೆಯಲ್ಲೇ ಕೈ ಎತ್ತಿಸಿ ತೀರ್ಮಾನಿಸಿ. ಟಿಎನ್‌ಎಐ ವೃತ್ತಿ ಸಂಘಟನೆ. ಅದರ ಸದಸ್ಯತ್ವ ಒಳ್ಳೆಯದೇ, ಆದರೆ ನಿಮ್ಮ ಆಸ್ಪತ್ರೆಯ ಆಡಳಿತದ ಎದುರು ಚೌಕಾಸಿಗೆ ಕೂರಲು ನೋಂದಣಿಯಾದ ಯೂನಿಯನ್ ಬೇಕು.

ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಶೇ 51 ಕಾರ್ಮಿಕರ ಬೆಂಬಲವಿರುವುದೇ ಮಾತುಕತೆಯ ಏಕೈಕ ಸಂಘವಾಗುತ್ತದೆ. ನರ್ಸ್‌ಗಳದ್ದೊಂದು, ಅಟೆಂಡರ್‌ಗಳದ್ದೊಂದು, ಲ್ಯಾಬ್‌ನವರದ್ದೊಂದು ಎಂದು ಒಡೆದುಕೊಂಡರೆ ಯಾರಿಗೂ ಆ ಅಂಕಿ ಸಿಗುವುದಿಲ್ಲ. ಆಯಮ್ಮಂದಿರನ್ನು, ಹೌಸ್‌ಕೀಪಿಂಗ್‌ನವರನ್ನು ಬಿಟ್ಟು ಸಂಘ ಕಟ್ಟುವುದು ನನ್ನ ಮಟ್ಟಿಗೆ ತಪ್ಪು. ಅವರ ಸಂಬಳ ನಮ್ಮದಕ್ಕಿಂತ ಕಡಿಮೆ ಎಂಬುದನ್ನೂ ಮರೆಯಬಾರದು.

ಎರಡು ತೊಡಕುಗಳು. ಇನ್‌ಚಾರ್ಜ್ ಸಿಸ್ಟರ್ ಮೇಲ್ವಿಚಾರಣೆಯ ಕೆಲಸದಲ್ಲಿದ್ದು 18,000ಕ್ಕಿಂತ ಹೆಚ್ಚು ಸಂಬಳ ಪಡೆಯುತ್ತಿದ್ದರೆ ಅವರು "ಕಾರ್ಮಿಕ"ರಲ್ಲ ಎಂದು ಆಡಳಿತ ವಾದಿಸುತ್ತದೆ. ಪದನಾಮಕ್ಕಿಂತ ನಿಜವಾದ ಕೆಲಸ ಮುಖ್ಯ. ಇಡೀ ಪಾಳಿ ಇಂಜೆಕ್ಷನ್ ಕೊಟ್ಟು, ಡ್ರೆಸ್ಸಿಂಗ್ ಮಾಡುವವರು ಅದನ್ನು ದಾಖಲಿಸಿಟ್ಟುಕೊಳ್ಳಲಿ. ಎರಡನೆಯದು ಟ್ರಸ್ಟ್ ಆಸ್ಪತ್ರೆಗಳದ್ದು. 1978ರಲ್ಲಿ ನಮ್ಮ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ "ಕೈಗಾರಿಕೆ" ಎಂಬ ಪದಕ್ಕೆ ಕೊಟ್ಟ ವಿಶಾಲ ಅರ್ಥದಲ್ಲಿ ಆಸ್ಪತ್ರೆಗಳೂ ಸೇರಿದ್ದವು. ಹೊಸ ಸಂಹಿತೆ ಧರ್ಮಾರ್ಥ, ಸಾಮಾಜಿಕ ಸೇವೆಯ ಸಂಸ್ಥೆಗಳು ನಡೆಸುವುದನ್ನು ಹೊರಗಿಟ್ಟಿದೆ. ಧರ್ಮಾರ್ಥ ಎಂಬ ಬೋರ್ಡಿದ್ದು ಒಳಗೆ ಸ್ಪೆಷಲ್ ವಾರ್ಡಿನ ಬಿಲ್ಲು ನಡೆಯುವ ಕಡೆ ಈ ವಾದ ಬಂದೇ ಬರುತ್ತದೆ. ಟ್ರಸ್ಟ್ ಆಸ್ಪತ್ರೆಯವರು ಮೊದಲ ಪತ್ರಕ್ಕೂ ಮುಂಚೆ ಕಾರ್ಮಿಕ ವಕೀಲರನ್ನು ಕಾಣಲಿ.

ಐದನೆಯ ಹೆಜ್ಜೆ: ಬೇಡಿಕೆ ಪತ್ರ

ಒಂದೇ ಪುಟ. ಬೈಗುಳ ಬೇಡ, "ತಮ್ಮ ಪಾದಕ್ಕೆ" ಎಂಬ ಧಾಟಿಯೂ ಬೇಡ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಸಂಘದ ಸದಸ್ಯರ ಸಭೆಯ ತೀರ್ಮಾನದಂತೆ ಈ ಕೆಳಗಿನ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇವೆ. 1) ಮೂಲ ವೇತನ ಪರಿಷ್ಕರಣೆ 2) ಹೆಚ್ಚುವರಿ ಗಂಟೆಗಳಿಗೆ ಎರಡರಷ್ಟು ವೇತನ ಮತ್ತು ಹಿಂಬಾಕಿ 3) ಪಾಳಿವಾರು ಸಿಬ್ಬಂದಿ ಸಂಖ್ಯೆಯನ್ನು ಮಾನದಂಡದಂತೆ ನಿಗದಿಪಡಿಸುವುದು 4) ಮೂಲ ಪ್ರಮಾಣಪತ್ರಗಳನ್ನು ಹಿಂದಿರುಗಿಸುವುದು. 15 ದಿನಗಳೊಳಗೆ ಮಾತುಕತೆಗೆ ದಿನ ನಿಗದಿಪಡಿಸಬೇಕಾಗಿ ಕೋರುತ್ತೇವೆ."

ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಮಾತುಕತೆಗೆ ಕರೆದಾಗ ಮೂವರಿಗಿಂತ ಕಡಿಮೆ ಹೋಗಬೇಡಿ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ, ಇನ್ನೊಬ್ಬರು ಎದುರಿನವರ ಮುಖ ನೋಡಲಿ. "ನೀವು ಮಾತ್ರ ಸ್ವಲ್ಪ ಒಳಗೆ ಬನ್ನಿ ಸಿಸ್ಟರ್" ಎಂದರೆ "ಇಲ್ಲೇ ಹೇಳಿ ಸಾರ್, ನಾವೆಲ್ಲ ಒಟ್ಟಿಗೇ ಕೇಳ್ತೇವೆ" ಎನ್ನಿ.

ಆರನೆಯ ಹೆಜ್ಜೆ: ಕಾರ್ಮಿಕ ಇಲಾಖೆ

ಉತ್ತರ ಬಾರದಿದ್ದರೆ ಎರಡು ಬಾಗಿಲುಗಳಿವೆ, ಎರಡನ್ನೂ ಒಟ್ಟಿಗೇ ತಟ್ಟಬಹುದು. ಬಾಕಿ ಹಣ, ಓಟಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟದ್ದು, ಇವು ವೇತನ ಸಂಹಿತೆಯ ಕ್ಲೇಮು. ಮೂರು ವರ್ಷದೊಳಗೆ ಹಾಕಬೇಕು. ನೀವೇ ಹಾಕಬಹುದು, ಸಂಘವೂ ಹಾಕಬಹುದು. ಹಣ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಆಡಳಿತದ್ದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರಕ್ಕೂ ಅವಕಾಶವಿದೆ. ಸಂಬಳ ಏರಿಕೆ, ಕೆಲಸದಿಂದ ತೆಗೆದದ್ದು, ಇವು ವಿವಾದ. ಜಿಲ್ಲೆಯ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಸಂಧಾನಕ್ಕೆ ಅರ್ಜಿ ಕೊಡಿ. ಎರಡು ವರ್ಷ ದಾಟಿದರೆ ಸಂಧಾನದ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಗೊತ್ತಿರಲಿ. ಇಲಾಖೆಯ ಸಹಾಯವಾಣಿ 155214.

ಸಂಧಾನ ನಡೆಯುವಾಗ ಅದೇ ವಿಷಯದಲ್ಲಿ ನಿಮ್ಮ ಸೇವಾ ಷರತ್ತನ್ನು ಕೆಡಿಸುವಂತಿಲ್ಲ. ಸಂಘ ಸೇರಿದ್ದಕ್ಕೆ ವರ್ಗಾವಣೆ, ಬೆದರಿಕೆ, ವಜಾ ಇವೆಲ್ಲ ಅನುಚಿತ ಕಾರ್ಮಿಕ ಪದ್ಧತಿ. ಸಂಬಂಧವೇ ಇಲ್ಲದ ಮೆಮೊಗಳು ಇದ್ದಕ್ಕಿದ್ದಂತೆ ಬರತೊಡಗುತ್ತವೆ: ಚಾರ್ಟಿಂಗ್ ತಡ, ಯೂನಿಫಾರಂ ಸರಿಯಿಲ್ಲ, ರೋಗಿಯ ದೂರು. ಪ್ರತಿ ಮೆಮೊಗೂ ಗಡುವಿನೊಳಗೆ ತಾಳ್ಮೆಯಿಂದ ಉತ್ತರ ಬರೆಯಿರಿ. ಖಾಲಿ ಕಾಗದಕ್ಕೆ, ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಬೇಡಿ. ರಾಜೀನಾಮೆ ಕೊಡಲೇಬೇಕಾಗಿ ಬಂದರೆ ಲೆಕ್ಕ ಚುಕ್ತಾ ಎರಡು ಕೆಲಸದ ದಿನಗಳೊಳಗೆ ಆಗಬೇಕೆಂಬುದು ಈಗಿನ ಕಾನೂನು.

ಏಳನೆಯ ಹೆಜ್ಜೆ: ಮುಷ್ಕರ, ಬೇರೆ ದಾರಿ ಇಲ್ಲದಾಗ

ಮೊದಲು ಕಪ್ಪು ಪಟ್ಟಿ ಕಟ್ಟಿ ಕೆಲಸ. ಆಮೇಲೆ ಡ್ಯೂಟಿ ಮುಗಿದವರು ಗೇಟಿನ ಹೊರಗೆ ಧರಣಿ. ಅದಕ್ಕೂ ಮಣಿಯದಿದ್ದರೆ ನೋಟಿಸು. ಮುಷ್ಕರಕ್ಕೆ ಕನಿಷ್ಠ 14 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು, ಅದು 60 ದಿನದವರೆಗೆ ಮಾತ್ರ ಚಾಲ್ತಿ. ಸಂಧಾನ ನಡೆಯುವಾಗಲೂ, ಅದು ಮುಗಿದ ಏಳು ದಿನದವರೆಗೂ ಮುಷ್ಕರ ಹೂಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ಸಿಎಲ್ ಹಾಕಿದರೆ ಅದೂ ಮುಷ್ಕರವೇ. "ರಜೆ ಹಾಕಿದ್ದೇವೆ ಅಷ್ಟೇ" ಎನ್ನುವ ಹಳೆಯ ಉಪಾಯ ಈಗ ನಡೆಯದು. ನೋಟಿಸಿಲ್ಲದೆ ಹತ್ತು ಅಥವಾ ಹೆಚ್ಚು ಜನ ಒಟ್ಟಿಗೆ ಗೈರಾದರೆ ಎಂಟು ದಿನದ ಸಂಬಳದವರೆಗೆ ಮುರಿಯಬಹುದು. ಅಕ್ರಮ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲೂ ಇದೆ. ಸರ್ಕಾರ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಹೇರಿದೆಯೇ ಎಂಬುದನ್ನು ಹಿಂದಿನ ದಿನವೂ ವಿಚಾರಿಸಿ.

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಹಾಸಿಗೆಯಲ್ಲಿರುವ ಮನುಷ್ಯ. ನೋಟಿಸಿನ ಜೊತೆಗೇ ಒಂದು ರೋಸ್ಟರ್ ಕೊಡಿ: ಐಸಿಯು, ಎನ್‌ಐಸಿಯು, ಕ್ಯಾಶುವಾಲಿಟಿ, ಲೇಬರ್ ರೂಮ್, ತುರ್ತು ಆಪರೇಷನ್ ಥಿಯೇಟರ್, ಡಯಾಲಿಸಿಸ್‌ಗೆ ನಮ್ಮಲ್ಲಿ ಯಾರು ಯಾವ ಪಾಳಿಗೆ ನಿಲ್ಲುತ್ತಾರೆ ಎಂದು. ನಿಗದಿತ ಶಸ್ತ್ರಚಿಕಿತ್ಸೆ, ಹೊಸ ದಾಖಲಾತಿ ಮುಂದೂಡಲು ಆಡಳಿತಕ್ಕೆ 14 ದಿನ ಸಿಗುತ್ತದೆ. ಹ್ಯಾಂಡೋವರ್ ಕೊಡದೆ ಒಬ್ಬರೂ ವಾರ್ಡ್ ಬಿಡಬಾರದು. ಇದರಲ್ಲಿ ರಾಜಿ ಬೇಡ. ರೋಗಿಗಳ ಕಡೆಯವರಿಗೆ ಸಣ್ಣ ಕರಪತ್ರ ಹಂಚಿ. ಒಂದು ರಾತ್ರಿಗೆ ಎಷ್ಟು ರೋಗಿಗಳಿಗೆ ಒಬ್ಬ ಸಿಸ್ಟರ್ ಇದ್ದಾಳೆ ಎಂದು ಬರೆದರೆ ಸಾಕು, ಅವರಿಗೆ ಅದು ಆಗಲೇ ಗೊತ್ತಿರುತ್ತದೆ.

ಕೊನೆಯದು: ಒಪ್ಪಂದ ಬರೆಯಿಸಿಕೊಳ್ಳುವುದು

ಬಾಯಿಮಾತಿನ ಭರವಸೆಗೆ ಧರಣಿಯ ಪೆಂಡಾಲು ಕೀಳಬೇಡಿ. ಸಂಧಾನಾಧಿಕಾರಿಯ ಮುಂದೆಯೇ ಒಪ್ಪಂದವಾಗಲಿ. ಆಗ ಅದು ಸಂಘದ ಸದಸ್ಯರಿಗೆ ಮಾತ್ರವಲ್ಲ, ಮುಂದೆ ಸೇರುವ ಹೊಸಬರಿಗೂ ಅನ್ವಯಿಸುತ್ತದೆ. ಅದರಲ್ಲಿ ಈ ನಾಲ್ಕು ಇರಲೇಬೇಕು: ಯಾವ ತಾರೀಕಿನಿಂದ ಜಾರಿ, ಹಿಂಬಾಕಿ ಎಷ್ಟು ಕಂತಿನಲ್ಲಿ, ಹೋರಾಟದಲ್ಲಿದ್ದವರ ಮೇಲೆ ಕ್ರಮವಿಲ್ಲ ಎಂಬ ಸಾಲು, ಒಪ್ಪಂದದ ಅವಧಿ. ಅವಧಿ ಬರೆಯದಿದ್ದರೆ ಆರೇ ತಿಂಗಳು ಎಂದು ಲೆಕ್ಕ.

ಮುಂದಿನ ತಿಂಗಳ ಸಂಬಳ ಏಳನೇ ತಾರೀಕಿನೊಳಗೆ ಬರಬೇಕು. ಬಂದ ದಿನ ಪ್ರತಿ ವಾರ್ಡಿನಿಂದ ಒಬ್ಬರು ತಮ್ಮ ಹೊಸ ಸ್ಲಿಪ್ ತಂದು ಒಪ್ಪಂದದ ಪ್ರತಿಯ ಪಕ್ಕ ಇಟ್ಟು ಸಾಲು ಸಾಲು ಓದಿ. ನಮ್ಮಲ್ಲಿ ಮೊದಲ ತಿಂಗಳು ಬೇಸಿಕ್ ಏರಿಸಿ ನೈಟ್ ಅಲವೆನ್ಸ್ ಕದ್ದುಮುಚ್ಚಿ ತೆಗೆದಿದ್ದರು. ಮರುದಿನ ಬೆಳಿಗ್ಗೆ ನಾವು ಹನ್ನೊಂದು ಮಂದಿ ಆ ಕೋಣೆಗೆ ಹೋದೆವು. ಟೀ ಬರಲಿಲ್ಲ. ಅಲವೆನ್ಸ್ ಅದೇ ವಾರ ವಾಪಸ್ ಬಂತು.